ಮಾತಿಲ್ಲದ ಮಾತು

ಓದಿಕೊಳ್ಳಿ: ಲೂಕ 7:36-50



ನಾರಾಯಣಪೇಟೆಯ ಸಂತೆಯಲ್ಲಿ ನಾವು ಕನ್ನಡ, ತೆಲುಗು, ಉರ್ದು ಬೆರೆಸಿ ವ್ಯವಹಾರ ಮುಗಿಸುತ್ತೇವೆ. ಆದರೆ ತೆಲುಗಿನಲ್ಲಿ ಬಲಿಪೂಜೆ ಆರಂಭವಾದರೆ ಸಾಕು, ಮಕ್ತಲ್ ಕಡೆಯವರಾಗಲಿ, ಗದ್ವಾಲ್ ಕಡೆಯವರಾಗಲಿ, ನಮ್ಮಲ್ಲಿ ಅನೇಕರು ಹಿಂದಿನ ಸಾಲಿಗೆ ಸರಿಯುತ್ತೇವೆ. ಪ್ರತ್ಯುತ್ತರಗಳು ಬಾಯಿಗೆ ಬರುವುದಿಲ್ಲ, ತಪ್ಪು ಹೇಳಿದರೆ ನಕ್ಕಾರೆಂಬ ಅಂಜಿಕೆ. ಬಾಗಿಲ ಬಳಿ ಕೈಕಟ್ಟಿ ನಿಂತು, ಪೂಜೆ ಮುಗಿಯುತ್ತಲೇ ಚಪ್ಪಲಿ ಮೆಟ್ಟಿ ಹೊರಟುಬಿಡುತ್ತೇವೆ. ನಮ್ಮ ಮನಸ್ಸಿನಲ್ಲಿರುವುದು ಸಂಕೋಚ. ನೋಡುವವರಿಗೆ ಕಾಣುವುದು ಬಿಗುಮಾನ. 'ಕನ್ನಡದವರು ನಮ್ಮೊಂದಿಗೆ ಬೆರೆಯುವುದಿಲ್ಲ' ಎಂದು ಅವರು ಅಂದುಕೊಂಡರೆ ತಪ್ಪು ಅವರೊಬ್ಬರದೇ ಅಲ್ಲ.

ಮುಖ ತಿರುಗಿಸಿದರು, ಮೂಗು ಮುರಿದರು ಎನ್ನುತ್ತೇವಲ್ಲ, ದೇಹವೂ ಮಾತಾಡುತ್ತದೆಂದು ನಮ್ಮ ಹಿರಿಯರು ಬಲ್ಲವರಾಗಿದ್ದರು. ಎಡಗೈಯಲ್ಲಿ ನೀರು ಕೊಟ್ಟರೆ ಅವಮಾನವೆನಿಸುತ್ತದೆ. ಪಕ್ಕದವರಿಗೆ ಕಾಲು ತಾಗಿದಾಗ ಅವರನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರೆ ಕ್ಷಮೆ ಕೇಳಿದಂತಾಯಿತು. ಅದಕ್ಕೆ ಯಾವ ಭಾಷೆಯೂ ಬೇಕಿಲ್ಲ. ಆದರೆ ಸನ್ನೆಗೂ ಅಪಾರ್ಥ ಉಂಟು: ಒಪ್ಪಿಗೆಗೆಂದು ನಾವು ತಲೆಯನ್ನು ಪಕ್ಕಕ್ಕೆ ಆಡಿಸಿದರೆ, ದೂರದಿಂದ ಬಂದವರಿಗೆ ಅದು 'ಬೇಡ' ಎಂಬಂತೆ ಕಾಣಬಹುದು.

ಶುಭಸಂದೇಶದಲ್ಲಿ ಫರಿಸಾಯನಾದ ಸಿಮೋನನು ಯೇಸುಸ್ವಾಮಿಯನ್ನು ಊಟಕ್ಕೆ ಕರೆದ. ಒಂದು ಕೆಟ್ಟ ಮಾತನ್ನೂ ಬಾಯಿಬಿಟ್ಟು ಆಡಲಿಲ್ಲ. ಆದರೆ ಕಾಲಿಗೆ ನೀರು ಕೊಡಲಿಲ್ಲ, ಮುತ್ತಿಟ್ಟು ಬರಮಾಡಿಕೊಳ್ಳಲಿಲ್ಲ, ತಲೆಗೆ ಎಣ್ಣೆ ಹಚ್ಚಲಿಲ್ಲ. ಆ ಮಹಿಳೆಯೂ ಮಾತಾಡಲಿಲ್ಲ. ಅವಳ ಕಣ್ಣೀರು, ಕೂದಲು, ಸುಗಂಧತೈಲಗಳೇ ಎಲ್ಲವನ್ನೂ ಹೇಳಿದವು. ಯೇಸುಸ್ವಾಮಿ ಸಿಮೋನನೊಡನೆ ಮಾತಾಡುವಾಗಲೂ ಮುಖ ತಿರುಗಿಸಿದ್ದು ಅವಳ ಕಡೆಗೆ. ಎಲ್ಲರೂ ಹೀಗಳೆದವಳಿಗೆ ಆ ಒಂದು ನೋಟದಲ್ಲೇ ಗೌರವ ಸಿಕ್ಕಿತು.

ಪೂಜೆಯಲ್ಲಿ ಪ್ರತ್ಯುತ್ತರ, ಹಾಡುಗಳ ಜೊತೆಗೆ ಸನ್ನೆ, ದೇಹಭಂಗಿಗಳೂ ಜನರ ಪಾಲ್ಗೊಳ್ಳುವಿಕೆಯೇ ಎಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ಕಲಿಸಿತು. ಎಲ್ಲರೂ ಒಟ್ಟಿಗೆ ಏಳುವುದು, ಕೂರುವುದು, ಮೊಣಕಾಲೂರುವುದು ನಮ್ಮ ಐಕ್ಯದ ಗುರುತು. ಭಾರತದ ಧರ್ಮಸಭೆಗೆ 1969ರಲ್ಲಿ ರೋಮ್ ನೀಡಿದ ಅನುಮತಿಯಂತೆ, ಶಾಂತಿಯನ್ನು ಕೈಮುಗಿದು ಹಂಚಿಕೊಳ್ಳಬಹುದು. ಕೈಮುಗಿಯಲು ತೆಲುಗು ಬರಬೇಕಿಲ್ಲ. ಆದರೆ ಕೈ ಮುಗಿದು ಕಣ್ಣು ಮೊಬೈಲಿನಲ್ಲಿದ್ದರೆ ಶಾಂತಿ ತಲುಪೀತೇ?

ಬರುವ ಭಾನುವಾರ ಇಷ್ಟು ಮಾಡೋಣ:

1. ಬಾಗಿಲ ಬಳಿ ನಿಲ್ಲದೆ ಒಂದೆರಡು ಸಾಲು ಮುಂದೆ, ಬೇರೆ ಭಾಷೆಯವರ ಪಕ್ಕದಲ್ಲಿ ಕೂರೋಣ.
2. ತಡವಾಗಿ ಬಂದವರನ್ನು ದುರುಗುಟ್ಟಿ ನೋಡದೆ, ಸರಿದು ಜಾಗ ಕೊಡೋಣ.
3. ಶಾಂತಿ ಹಂಚುವಾಗ ಮುಖ ನೋಡಿ ಕೈಮುಗಿಯೋಣ.
4. ಪೂಜೆಯ ನಂತರ ಐದು ನಿಮಿಷ ಅಂಗಳದಲ್ಲಿ ನಿಂತು ಒಬ್ಬರನ್ನಾದರೂ ಮಾತಾಡಿಸೋಣ.

ಚಿಂತನೆಗೆ: ನಮ್ಮ ಮನೆಗೆ, ನಮ್ಮ ಸಾಲಿಗೆ ಬಂದವರಿಗೆ ನಮ್ಮ ಮುಖ ಏನು ಹೇಳುತ್ತಿದೆ? ಸಿಮೋನನ ಮೌನವನ್ನೋ, ಯೇಸುಸ್ವಾಮಿಯ ನೋಟವನ್ನೋ?