ವ್ಯಾನಿನೊಳಗೆ ಕೆಂಡ ಇಡಬೇಡಿ

ಪುಣೆಯ ಚಳಿ ಹಗುರದ್ದೆಂದು ತಿಳಿದವರೇ ಬಹಳ. 1935ರ ಜನವರಿಯಲ್ಲಿ ಇಲ್ಲಿ ಉಷ್ಣಾಂಶ 1.7 ಡಿಗ್ರಿಗೆ ಇಳಿದಿತ್ತು. ಇನ್ನು ಮಹಾಬಳೇಶ್ವರದ ವೆಣ್ಣಾ ಕೆರೆಯ ಸುತ್ತ ಕೆಲವು ವರ್ಷ ಇಬ್ಬನಿಯೇ ಹೆಪ್ಪುಗಟ್ಟುತ್ತದೆ. ತಗಡಿನ ವ್ಯಾನಿನಲ್ಲಿ ಮಲಗಿದವರಿಗೆ ಆ ಚಳಿ ಹಾಸಿಗೆಯ ಕೆಳಗಿನಿಂದಲೇ ಏರಿ ಬರುತ್ತದೆ. ಆದ್ದರಿಂದ ಬೆಚ್ಚಗಿರಬೇಕೆಂದು ನನ್ನ ಅಣ್ಣ ಬಯಸಿದ್ದು ತಪ್ಪಲ್ಲ. ಬೇಡವೆಂದವರ ಮಾತು ಕೇಳದೆ ಹೋದದ್ದು ತಪ್ಪು. ಇದನ್ನು ಅವನಿಗೂ ಹೇಳಿದ್ದೇನೆ, ಇಲ್ಲಿಯೂ ಬರೆಯುತ್ತಿದ್ದೇನೆ.

ನಮ್ಮದು ಹಳೆಯ ಟ್ರಾವೆಲರ್. ಪುಣೆ ಹತ್ತಿರದ ಭೋಸರಿಯ ಒಂದು ಶೆಡ್ಡಿನಲ್ಲಿ ಮಂಚ, ಸಿಂಕು, ಗ್ಯಾಸಿನ ಒಲೆ ಕೂರಿಸಿಕೊಂಡಿದ್ದೆವು. ಗ್ಯಾಸ್ ಅಲಾರಂ ಹಾಕಿದ ಮಿಸ್ತ್ರಿ, “ಇದೊಂದಿದ್ದರೆ ನಿಶ್ಚಿಂತೆ” ಎಂದಿದ್ದ. ಅದು ಸಿಲಿಂಡರಿನ ಸೋರಿಕೆಯನ್ನಷ್ಟೇ ಹಿಡಿಯುವ ಯಂತ್ರ. ಕೆಂಡದಿಂದ ಹೊರಡುವ ಕಾರ್ಬನ್ ಮೊನಾಕ್ಸೈಡ್ ಅದಕ್ಕೆ ಗೊತ್ತೇ ಆಗುವುದಿಲ್ಲ. ಆ ಮಾತನ್ನು ಅವನು ಹೇಳಬೇಕಿತ್ತು.

ಜನವರಿಯ ಆ ರಾತ್ರಿ ಮಹಾಬಳೇಶ್ವರದ ಹತ್ತಿರ ಸ್ಟ್ರಾಬೆರಿ ಹೊಲವೊಂದರ ಅಂಚಿನಲ್ಲಿ ಗಾಡಿ ನಿಲ್ಲಿಸಿದ್ದೆವು. ಕರೆಂಟು ಇಲ್ಲ. ಧಾರವಾಡದಿಂದ ಬಂದಿದ್ದ ಅಣ್ಣ ಹೊಲದವರ ಗುಡಿಸಲಿನಿಂದ ಶೆಗಡಿ ತುಂಬ ಇದ್ದಲಿನ ಕೆಂಡ ತಂದ. ಬೇಡ ಅಂದೆ. “ಏ ತಂಗಿ, ಅವ್ವನ ಬಾಣಂತನದಾಗ ಹೊರಸಿನ ಬುಡಕ ಇದನ್ನ ಇಡ್ತಿದ್ರು, ಯಾರಿಗೇನಾತು?” ಅಂದ. ಆ ಮನೆಗೆ ಹಂಚಿನ ಮಾಡಿತ್ತು, ಬೆಳಕಿಂಡಿಯಿತ್ತು, ಬಾಗಿಲ ಸಂದಿಯಲ್ಲಿ ಬೆರಳು ತೂರುತ್ತಿತ್ತು. ವ್ಯಾನಿಗೋ ಸುತ್ತಲೂ ರಬ್ಬರಿನ ಬೀಡಿಂಗ್. ವಾದ ಬೇಡವೆಂದು ನಾನೇ ಒಂದು ಕಿಟಕಿ ಸ್ವಲ್ಪ ಸರಿಸಿಟ್ಟು ಮಲಗಿದೆ. ನನಗೆ ನಿದ್ದೆ ಹತ್ತಿದ ಮೇಲೆ ಥಂಡಿ ಗಾಳಿ ಬರುತ್ತದೆಂದು ಅಣ್ಣ ಅದನ್ನು ಮುಚ್ಚಿದ.

ಮಗಳು ವಾಂತಿ ಮಾಡುವ ಸದ್ದಿಗೆ ಎಚ್ಚರವಾಯಿತು. ಕತ್ತಲೆ, ಶೆಗಡಿಯಲ್ಲಿ ಸಣ್ಣ ಕೆಂಪು. ಹೊಗೆಯಿಲ್ಲ, ವಾಸನೆಯಿಲ್ಲ. ಹಣೆಯ ಎರಡೂ ಬದಿ ಬಡಿಯುತ್ತಿತ್ತು. ಅಣ್ಣನೂ ತಲೆ ಹಿಡಿದುಕೊಂಡು ಕೂತಿದ್ದ. ಕೋವಿಡ್ ಕಾಲದ ಆಕ್ಸಿಮೀಟರ್ ಮಗಳ ಬೆರಳಿಗೆ ಸಿಕ್ಕಿಸಿದೆ: 98. “ನೋಡು, ತೊಂಬತ್ತೆಂಟು ಅದ. ಪಿತ್ತ ಆಗ್ಯದ, ಮಲಗಸು” ಅಂದ. ಅತ್ತೆಯನ್ನು ಅಲುಗಿಸಿದೆ. ಏಳಲಿಲ್ಲ. ಇವರನ್ನು ಕೂಗಿದೆ, ಕೂಗಿದೆನೆಂದುಕೊಂಡೆ, ಬಾಯಿಂದ ಬಂದದ್ದು ಪಿಸುಮಾತು. ಏಳಲು ಹೋದರೆ ಮೊಣಕಾಲು ನಿಲ್ಲಲಿಲ್ಲ. ತೆವಳಿಕೊಂಡೇ ಬಾಗಿಲಿಗೆ ಬಂದೆ. ಬೆರಳು ಚಿಲಕದ ಮೇಲಿತ್ತು, ಎಳೆಯಬೇಕೆಂಬುದೂ ಗೊತ್ತಿತ್ತು, ಬೆರಳು ಮಾತ್ರ ಮಡಚುತ್ತಿಲ್ಲ. ಆ ಕ್ಷಣದ ಹೆದರಿಕೆ ಈಗಲೂ ನನ್ನನ್ನು ಬಿಟ್ಟಿಲ್ಲ. ಕೊನೆಗೆ ಮುಂಗೈಯನ್ನು ಚಿಲಕಕ್ಕೆ ಸಿಕ್ಕಿಸಿ ಮೈಭಾರವೆಲ್ಲ ಹಾಕಿದೆ. ಬಾಗಿಲು ತೆರೆದುಕೊಂಡಿತು. ಸ್ಟ್ರಾಬೆರಿ ಮಡಿಗೆ ಹಾಸಿದ್ದ ಪ್ಲಾಸ್ಟಿಕ್ ಹಾಳೆಯ ಮೇಲೆ ಬಿದ್ದೆ, ಇಬ್ಬನಿಗೆ ಮುಖವೆಲ್ಲ ಒದ್ದೆ. ಒಳಗೆ ನುಗ್ಗಿದ ಗಾಳಿಗೆ ಇವರು ಎದ್ದರು. ಅತ್ತೆಯನ್ನು ಸೋಲಾಪುರ ಚಾದರದ ಸಮೇತ ಎಳೆದು ಹೊರಗೆ ಹಾಕಿದರು.

ಆಸ್ಪತ್ರೆಯಲ್ಲಿ ಬೆಳಗಿನವರೆಗೆ ಎಲ್ಲರಿಗೂ ಆಕ್ಸಿಜನ್ ಮಾಸ್ಕು. ಕಾರ್ಬನ್ ಮೊನಾಕ್ಸೈಡ್ ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮೀರಿ ಬಿಗಿಯಾಗಿ ಅಂಟುತ್ತದೆ, ಬೆರಳಿನ ಯಂತ್ರಕ್ಕೆ ಎರಡರ ವ್ಯತ್ಯಾಸ ತಿಳಿಯುವುದಿಲ್ಲ ಎಂದರು ಡಾಕ್ಟರು. ಆ 98ನ್ನು ನಂಬಿ ಮಲಗಿದ್ದರೆ ಇದನ್ನು ಬರೆಯಲು ನಾನಿರುತ್ತಿರಲಿಲ್ಲ. 2020ರ ಜನವರಿಯಲ್ಲಿ ನೇಪಾಳದ ದಾಮನ್‌ನಲ್ಲಿ ಕೇರಳದ ಎಂಟು ಪ್ರವಾಸಿಗರು, ಮಕ್ಕಳೂ ಸೇರಿ, ಗ್ಯಾಸ್ ಹೀಟರ್ ಹಚ್ಚಿ ಮಲಗಿದ್ದ ಕೋಣೆಯಲ್ಲಿ ತೀರಿಕೊಂಡರು. ಅಲ್ಲಿಯೂ ಕಿಟಕಿ ಬಾಗಿಲು ಮುಚ್ಚಿದ್ದವು.

ಹಾಗಾದರೆ ಬೆಚ್ಚಗಿರುವುದು ಹೇಗೆ? ಗ್ಯಾಸಿನ ಒಲೆ ಉರಿಸಿಡುವುದೂ ಬೇಡ. ಅದರಿಂದಲೂ ಇದೇ ಅಪಾಯ, ಮೇಲಿಂದ ಒಂದು ಕಿಲೋ ಗ್ಯಾಸು ಉರಿದರೆ ಒಂದೂವರೆ ಕಿಲೋಗೂ ಹೆಚ್ಚು ನೀರಾವಿ ಹುಟ್ಟಿ ತಗಡೆಲ್ಲ ತೊಟ್ಟಿಕ್ಕುತ್ತದೆ. ಪುಣೆಯ ತಪಕೀರ್ ಗಲ್ಲಿಯಲ್ಲಿ ಸಿಗುವ ಕರೆಂಟಿನ ಹೀಟರ್ ಬ್ಯಾಟರಿಗೆ ಭಾರ: 12 ವೋಲ್ಟಿನ, 150 ಆಂಪಿಯರ್-ಅವರ್ ಬ್ಯಾಟರಿಯನ್ನು ಅರ್ಧ ಖಾಲಿ ಮಾಡಿದರೂ ಸಾವಿರ ವ್ಯಾಟಿನ ಹೀಟರು ಒಂದು ತಾಸು ನಡೆಯುವುದಿಲ್ಲ. ಹಣವಿದ್ದವರು ಡೀಸೆಲ್ ಹೀಟರ್ ಕೂರಿಸಲಿ. ಅದು ಉರಿಯಲು ಹೊರಗಿನ ಗಾಳಿ ಎಳೆದು ಹೊಗೆಯನ್ನೂ ಹೊರಗೇ ಬಿಡುತ್ತದೆ, ಒಳಗೆ ಬರುವುದು ಬರೀ ಬಿಸಿಗಾಳಿ. ಹೊಗೆ ಕೊಳವೆಯ ಬಾಯಿ ಕಿಟಕಿಯ ಹತ್ತಿರ ಬರಕೂಡದು, ಅಷ್ಟು ನೋಡಿಕೊಳ್ಳಿ. ನಾವೀಗ ಗಾಡಿ ಕಾಯಿಸುವುದನ್ನೇ ಬಿಟ್ಟು ಮೈ ಬೆಚ್ಚಗಿಟ್ಟುಕೊಳ್ಳುತ್ತೇವೆ. ಹಾಸಿಗೆಯ ಕೆಳಗೆ ದಪ್ಪ ಫೋಮ್ ಹಾಳೆ, ಮೇಲೆ ಎರಡು ಕಂಬಳಿ, ಕಾಲಬುಡದಲ್ಲಿ ಬಿಸಿನೀರಿನ ಚೀಲ. ಮಹಾಬಳೇಶ್ವರಕ್ಕೆ ಇಷ್ಟು ಸಾಕು, ಹಿಮಾಲಯದ ಸ್ಪಿತಿಗೆ ಸಾಲದು. ಕಾರ್ಬನ್ ಮೊನಾಕ್ಸೈಡ್ ಅಲಾರಂ ಎಂದೇ ಹೆಸರು ಹೇಳಿ ಕೇಳಿ ತಂದು ತಲೆದಿಂಬಿನ ಹತ್ತಿರ ಹಾಕಿ.

ವ್ಯಾನಿನಲ್ಲಿ ಮಲಗಿದ ಇಬ್ಬರಿಗೆ ಒಟ್ಟಿಗೇ ತಲೆನೋವು ಬಂದರೆ ಪಿತ್ತವೋ ನೆಗಡಿಯೋ ಎಂದು ಯಾರ ಹತ್ತಿರವೂ ಚರ್ಚೆ ಮಾಡುತ್ತ ಕೂರಬೇಡಿ. ಮೊದಲು ಬಾಗಿಲು ತೆಗೆದು ಎಲ್ಲರನ್ನೂ ಹೊರಗೆ ತನ್ನಿ.