ತಪ್ಪಿಗೆ ತಪ್ಪು ಸಮವಾದೀತೆ?

ಒಬ್ಬನು ತಪ್ಪು ಮಾಡಿ ಇನ್ನೊಬ್ಬನು ನೊಂದಿದ್ದರೆ ನ್ಯಾಯ ಹೇಳುವುದು ಕಷ್ಟವಲ್ಲ. ತಪ್ಪಿತಸ್ಥನಿಗೆ ದಂಡ, ನೊಂದವನಿಗೆ ಪರಿಹಾರ. ಆದರೆ ಒಂದೇ ಗಳಿಗೆಯಲ್ಲಿ ಇಬ್ಬರೂ ತಪ್ಪು ಮಾಡಿದ್ದರೆ ದಂಡವಾರಿಗೆ, ಪರಿಹಾರವಾರಿಗೆ? “ಇಬ್ಬರದೂ ತಪ್ಪು, ಹೋಗಿ ಕುಳಿತುಕೊಳ್ಳಿರಿ” ಎಂಬ ತೀರ್ಪನ್ನು ತರಗತಿಗಳಲ್ಲಿ ನೀವೆಲ್ಲ ಕೇಳಿರುವಿರಿ. “ಅವನು ಹೊಡೆದ, ನಾನು ಬರಿದೆ ಬೈದೆ; ಎರಡೂ ಒಂದೇ ಏನು?” ಎಂದು ಒಳಗೊಳಗೇ ಕುದಿದವರೂ ನಿಮ್ಮಲ್ಲಿ ಇರಬಹುದು. ಇದು ಚಿಕ್ಕ ಪ್ರಶ್ನೆಯಲ್ಲ. ಅಮೆರಿಕದ ಫುಟ್‌ಬಾಲ್ ಆಟದ ನಿಯಮಗಳನ್ನು ರಚಿಸಿದವರು ಇದೇ ಪ್ರಶ್ನೆಯನ್ನು ಎದುರಿಸಿ ಒಂದು ಉತ್ತರವನ್ನು ಕೊಟ್ಟಿದ್ದಾರೆ. ಆ ಉತ್ತರಕ್ಕೆ ಕೆಲವು ಅಪವಾದಗಳನ್ನೂ ಸೇರಿಸಿದ್ದಾರೆ. ಆ ಉತ್ತರ ಎಷ್ಟರ ಮಟ್ಟಿಗೆ ನ್ಯಾಯವಾದುದು ಎಂಬುದನ್ನು ಈ ಪಾಠದಲ್ಲಿ ವಿಚಾರಿಸೋಣ.

೧. ಆಟದ ಸ್ವರೂಪ

ಹೆಸರು ಫುಟ್‌ಬಾಲ್ ಆದರೂ ಇದು ನಾವು ಬಲ್ಲ ಕಾಲ್ಚೆಂಡಾಟವಲ್ಲ. ಇಂಗ್ಲೆಂಡಿನ ರಗ್ಬಿ ಆಟದಿಂದ ಕವಲೊಡೆದು, ಅಮೆರಿಕದ ಕಾಲೇಜುಗಳಲ್ಲಿ ಬೆಳೆದ ಆಟವಿದು. ಚೆಂಡು ಗುಂಡಗಿಲ್ಲ, ಅದರ ಎರಡು ತುದಿಗಳೂ ಚೂಪು. ಅದನ್ನು ಕಂಕುಳಲ್ಲಿ ಅವುಚಿಕೊಂಡು ಓಡುತ್ತಾರೆ, ಇಲ್ಲವೆ ದೂರಕ್ಕೆ ಎಸೆಯುತ್ತಾರೆ. ಒಂದೊಂದು ತಂಡದಲ್ಲಿ ೧೧ ಜನ ಆಟಗಾರರು. ಒಂದು ಗೋಲು ಗೆರೆಯಿಂದ ಇನ್ನೊಂದಕ್ಕೆ ೧೦೦ ಗಜ ದೂರ. ಚೆಂಡನ್ನು ಪಡೆದ ತಂಡಕ್ಕೆ ನಾಲ್ಕು ಯತ್ನಗಳುಂಟು. ಒಂದೊಂದು ಯತ್ನವನ್ನು ಅವರು ‘ಡೌನ್’ ಎಂದು ಕರೆಯುತ್ತಾರೆ. ಆ ನಾಲ್ಕರೊಳಗೆ ೧೦ ಗಜ ಮುಂದುವರಿದರೆ ಹೊಸದಾಗಿ ಮತ್ತೆ ನಾಲ್ಕು ಯತ್ನಗಳು ದೊರೆಯುತ್ತವೆ. ಮುಂದುವರಿಯದಿದ್ದರೆ ಚೆಂಡು ಎದುರು ತಂಡದ ಪಾಲು. ನಾಲ್ಕು ಯತ್ನಗಳ ಈ ಪದ್ಧತಿ ೧೯೧೨ರಿಂದ ನಡೆದುಬಂದಿದೆ. ಒಂದೊಂದು ಯತ್ನವೂ ಕೆಲವು ಸೆಕೆಂಡುಗಳಲ್ಲಿ ಮುಗಿಯುವುದು. ಮುಂದಿನದು ಮತ್ತೆ ನಿಂತ ನೆಲೆಯಿಂದ ಆರಂಭವಾಗುವುದು. ಹೀಗಾಗಿ ಈ ಆಟದಲ್ಲಿ ಗಜವೇ ನಾಣ್ಯ. ಸಂಪಾದನೆಯೂ ಗಜದಲ್ಲಿ, ದಂಡವೂ ಗಜದಲ್ಲಿ.

೨. ದಂಡದ ರೀತಿ

ಚೆಂಡು ಹೊರಡುವ ಗಳಿಗೆಯಲ್ಲಿ ರಕ್ಷಣೆಯ ತಂಡದವನು ಗೆರೆಯಿಂದಾಚೆ ನಿಂತಿದ್ದರೆ ೫ ಗಜ ದಂಡ. ಚೆಂಡನ್ನು ಮುಂದೊಯ್ಯುವ ತಂಡದವನು ಎದುರಾಳಿಯನ್ನು ಕೈಯಿಂದ ಹಿಡಿದು ತಡೆದರೆ ೧೦ ಗಜ. ಎದುರಾಳಿಯ ಮುಖಕವಚದ ಸರಳನ್ನು ಹಿಡಿದು ಜಗ್ಗಿದರೆ ೧೫ ಗಜ. ಕುತ್ತಿಗೆಗೆ ಅಪಾಯವಾಗಬಹುದಾದ ತಪ್ಪಾದುದರಿಂದ ಅದಕ್ಕೆ ದಂಡವೂ ಹೆಚ್ಚು.

ತಪ್ಪನ್ನು ಕಂಡ ತೀರ್ಪುಗಾರರು ನೆಲಕ್ಕೆ ಒಂದು ಹಳದಿ ಬಟ್ಟೆಯನ್ನು ಎಸೆಯುತ್ತಾರೆ. ಹೀಗೆ ಬಟ್ಟೆಯೆಸೆಯುವ ರೂಢಿಯನ್ನು ೧೯೪೧ರಲ್ಲಿ ಓಹಾಯೋ ರಾಜ್ಯದ ಯಂಗ್ಸ್‌ಟೌನ್ ಕಾಲೇಜಿನ ತರಬೇತುದಾರರೊಬ್ಬರು ಆರಂಭಿಸಿದರು; ಅದಕ್ಕೆ ಮೊದಲು ಸೀಟಿ, ಕೊಂಬುಗಳ ಸದ್ದೇ ಸೂಚನೆಯಾಗಿದ್ದಿತು. ಬಟ್ಟೆ ಬಿದ್ದ ಮಾತ್ರಕ್ಕೆ ಆಟ ನಿಲ್ಲುವುದಿಲ್ಲ. ಬಹುಪಾಲು ತಪ್ಪುಗಳಲ್ಲಿ ಆ ಯತ್ನ ಕೊನೆಯವರೆಗೂ ನಡೆಯುತ್ತದೆ. ಆದುದರಿಂದಲೇ ಒಂದು ತಂಡದ ತಪ್ಪಾದ ಮೇಲೆ ಅದೇ ಯತ್ನದಲ್ಲಿ ಇನ್ನೊಂದು ತಂಡವೂ ತಪ್ಪು ಮಾಡಲು ಆಸ್ಪದವುಂಟಾಗುತ್ತದೆ.

ನೊಂದ ತಂಡಕ್ಕೆ ಒಂದು ಮುಖ್ಯವಾದ ಹಕ್ಕುಂಟು. ದಂಡವು ಲಾಭವೆನಿಸಿದರೆ ಅದನ್ನು ಪಡೆಯಬಹುದು. ಆಟದ ಫಲವೇ ಲೇಸೆನಿಸಿದರೆ “ನಮಗೆ ದಂಡ ಬೇಡ” ಎನ್ನಬಹುದು. ಈ ಹಕ್ಕನ್ನು ಚೆನ್ನಾಗಿ ನೆನಪಿನಲ್ಲಿಡಿರಿ. ಮುಂದಿನ ವಿಚಾರವೆಲ್ಲ ಇದರ ಮೇಲೆಯೇ ನಿಂತಿದೆ.

೩. ವಜಾ ಮಾಡುವ ನಿಯಮ

ಒಂದೇ ಯತ್ನದಲ್ಲಿ ಎರಡೂ ತಂಡಗಳು ತಪ್ಪು ಮಾಡಿದರೆ ದಂಡಗಳು ಪರಸ್ಪರ ವಜಾ ಆಗುತ್ತವೆ. ಯತ್ನವನ್ನು ಹಿಂದಿನ ಸ್ಥಳದಿಂದಲೇ ಮತ್ತೆ ಆಡಬೇಕು. ಸ್ಥೂಲವಾಗಿ ನಿಯಮ ಇಷ್ಟೆ. ಒಂದು ಉದಾಹರಣೆಯನ್ನು ನೋಡೋಣ.

ಕೆಂಪು ತಂಡದ ಬಳಿ ಚೆಂಡಿದೆ. ತನ್ನ ಗೋಲು ಗೆರೆಯಿಂದ ೩೦ ಗಜದಲ್ಲಿ ಅದು ನಿಂತಿದೆ. ಎರಡನೆಯ ಯತ್ನ, ಇನ್ನೂ ೮ ಗಜ ಬೇಕು. ಚೆಂಡು ಹೊರಡುವಾಗ ನೀಲಿ ತಂಡದವನೊಬ್ಬನು ಗೆರೆಯಾಚೆ ನಿಂತಿದ್ದನು: ೫ ಗಜದ ತಪ್ಪು. ಬಳಿಕ ಕೆಂಪು ತಂಡದವನೊಬ್ಬನು ನೀಲಿಯವನನ್ನು ಹಿಡಿದು ತಡೆದನು: ೧೦ ಗಜದ ತಪ್ಪು. ಅಷ್ಟರಲ್ಲಿ ಕೆಂಪು ತಂಡ ಚೆಂಡನ್ನೆಸೆದು ೪೦ ಗಜ ಮುಂದುವರಿಯಿತು.

ನೀಲಿಯದು ಮಾತ್ರವೇ ತಪ್ಪಾಗಿದ್ದರೆ ಕೆಂಪು ತಂಡ ದಂಡವನ್ನು ಬೇಡವೆಂದು ತನ್ನ ೪೦ ಗಜವನ್ನು ಉಳಿಸಿಕೊಳ್ಳುತ್ತಿತ್ತು. ಕೆಂಪಿನದು ಮಾತ್ರವೇ ತಪ್ಪಾಗಿದ್ದರೆ ನೀಲಿ ತಂಡ ದಂಡವನ್ನು ಕೇಳಿ ಚೆಂಡನ್ನು ೨೦ನೆಯ ಗಜಕ್ಕೆ ಹಿಂದೂಡುತ್ತಿತ್ತು; ಆಗ ಕೆಂಪಿಗೆ ೧೮ ಗಜ ಬೇಕಾಗುತ್ತಿತ್ತು. ಈಗ ಎರಡೂ ಇಲ್ಲ. ಚೆಂಡು ಮತ್ತೆ ೩೦ನೆಯ ಗಜಕ್ಕೆ ಬರುವುದು. ಮತ್ತೆ ಎರಡನೆಯ ಯತ್ನ, ಮತ್ತೆ ೮ ಗಜ. ಒಬ್ಬರಿಗೆ ೪೦ ಗಜ ಹೋಯಿತು, ಇನ್ನೊಬ್ಬರಿಗೆ ೧೦ ಗಜ ಬಾರದೆ ಹೋಯಿತು.

೪. ಕಳೆಯುವ ಲೆಕ್ಕ ಏಕೆ ಸಲ್ಲದು?

“ಹತ್ತರಲ್ಲಿ ಐದನ್ನು ಕಳೆದರೆ ಐದು. ಕೆಂಪು ತಂಡವನ್ನು ೫ ಗಜ ಹಿಂದಕ್ಕೆ ಕಳುಹಿಸಿದರೆ ಲೆಕ್ಕ ಚುಕ್ತಾ ಆಗದೆ?” ಎಂದು ಗಣಿತದಲ್ಲಿ ಜಾಣರಾದವರು ಕೇಳಬಹುದು. ಪ್ರಶ್ನೆ ಸಮಂಜಸವಾದುದೇ. ಆದರೆ ಕಳೆಯುವ ಲೆಕ್ಕ ಒಂದೇ ಜಾತಿಯ ವಸ್ತುಗಳಿಗೆ ಮಾತ್ರ ಸಲ್ಲುತ್ತದೆ. ಹತ್ತು ಸೇರು ಅಕ್ಕಿಯಲ್ಲಿ ಐದು ಮೊಳ ಬಟ್ಟೆಯನ್ನು ಕಳೆಯಲಾದೀತೆ? ಇಲ್ಲಿನ ದಂಡಗಳು ಬರಿಯ ಗಜಗಳಲ್ಲ. ಕೆಲವು ದಂಡಗಳ ಜೊತೆಗೆ ಹೊಸದಾಗಿ ನಾಲ್ಕು ಯತ್ನಗಳು ದೊರೆಯುತ್ತವೆ. ಕೆಲವು ದಂಡಗಳಿಂದ ಒಂದು ಯತ್ನವೇ ಹೋಗಿಬಿಡುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ದಂಡವನ್ನು ಬೇಡವೆನ್ನುವ ಹಕ್ಕಿಗೂ ಒಂದು ಬೆಲೆಯುಂಟು. ಮೇಲಿನ ಉದಾಹರಣೆಯಲ್ಲಿ ನೀಲಿಯ ತಪ್ಪಿಗೆ ಪುಸ್ತಕದಲ್ಲಿ ಬರೆದ ಬೆಲೆ ೫ ಗಜ. ಆದರೆ ಆ ತಪ್ಪಿನಿಂದ ಕೆಂಪು ತಂಡಕ್ಕೆ ದೊರೆತ ಹಕ್ಕಿನ ಬೆಲೆ ೪೦ ಗಜ. ಹಾಗಿರುವಾಗ ಹತ್ತರಲ್ಲಿ ಐದನ್ನು ಕಳೆಯುವುದು ನೋಡಲು ನಿಖರ, ನಿಜದಲ್ಲಿ ತಪ್ಪು ಲೆಕ್ಕ.

ಇನ್ನೊಂದು ಕಾರಣವೂ ಉಂಟು. ಹಿಡಿದು ತಡೆಯದಿದ್ದರೆ ಆ ೪೦ ಗಜ ದೊರೆಯುತ್ತಿತ್ತೆ? ಗೆರೆಯಾಚೆ ನಿಂತವನು ಸರಿಯಾಗಿ ನಿಂತಿದ್ದರೆ ತಡೆಯುವ ಪ್ರಮೇಯವೇ ಬರುತ್ತಿತ್ತೆ? ಯಾರೂ ಹೇಳಲಾರರು. ಇಬ್ಬರೂ ಸೇರಿ ಕೆಡಿಸಿದ ಆಟದ ಫಲವನ್ನು ನಂಬಲಾಗದು. ಆದುದರಿಂದ ನಿಯಮವು “ನಿಮ್ಮಿಬ್ಬರ ತಪ್ಪುಗಳೂ ಸಮ” ಎಂದು ಹೇಳುತ್ತಿಲ್ಲ. “ಈ ಯತ್ನದಿಂದ ಸತ್ಯ ತಿಳಿಯದು, ಮತ್ತೊಮ್ಮೆ ಸರಿಯಾಗಿ ಆಡಿರಿ” ಎಂದು ಹೇಳುತ್ತಿದೆ. ಈ ಎರಡು ಮಾತುಗಳ ನಡುವಣ ಅಂತರವನ್ನು ಗ್ರಹಿಸುವುದೇ ಈ ಪಾಠದ ತಿರುಳು. ಒಂದು ತಂಡದ್ದು ಎರಡು ತಪ್ಪು, ಇನ್ನೊಂದರದು ಒಂದೇ ಆಗಿದ್ದರೂ ಸಾಮಾನ್ಯವಾಗಿ ಎಲ್ಲವೂ ವಜಾ ಆಗುವುದು ಈ ಕಾರಣದಿಂದಲೇ.

೫. ಶುಚಿಯಾದ ಕೈ

ನ್ಯಾಯವನ್ನು ಬೇಡಿ ಬಂದವನ ಕೈ ಮೊದಲು ಶುಚಿಯಾಗಿರಬೇಕೆಂಬುದು ಇಂಗ್ಲೆಂಡಿನ ಚಾನ್ಸರಿ ನ್ಯಾಯಾಲಯದಲ್ಲಿ ರೂಢಿಗೆ ಬಂದ ಸೂತ್ರ. ನಮ್ಮ ದೇಶದ ನ್ಯಾಯಾಲಯಗಳೂ ಅದನ್ನು ಮನ್ನಿಸುತ್ತವೆ. ಫುಟ್‌ಬಾಲಿನ ತೀರ್ಪುಗಾರರು ಇದೇ ಮಾತನ್ನು ತಮ್ಮ ಆಟಕ್ಕೂ ತಂದುಕೊಂಡಿದ್ದಾರೆ.

ಕೆಂಪು ತಂಡದವನು ಎದುರಾಳಿಯನ್ನು ಹಿಡಿದು ತಡೆದನೆನ್ನಿ. ಆದರೂ ಎಸೆದ ಚೆಂಡನ್ನು ನೀಲಿ ತಂಡದವನು ನಡುವೆಯೇ ಹಿಡಿದು ತನ್ನದಾಗಿಸಿಕೊಂಡು ಓಡಿದನು. ಅವನು ಓಡುತ್ತಿರುವಾಗ ಅವನ ಜೊತೆಗಾರನೊಬ್ಬನು ಕೆಂಪಿನವನನ್ನು ಬೆನ್ನ ಹಿಂದಿನಿಂದ ದೂಡಿದನು. ಎರಡೂ ತಂಡಗಳದೂ ತಪ್ಪಾಯಿತೆಂದು ವಜಾ ಮಾಡಿದರೆ ಚೆಂಡು ಮರಳಿ ಕೆಂಪಿಗೆ ಹೋಗುವುದು. ತಾನು ಮೊದಲು ತಪ್ಪು ಮಾಡಿ, ಚೆಂಡನ್ನೂ ಕಳೆದುಕೊಂಡ ತಂಡಕ್ಕೆ ಅದು ಬಹುಮಾನವಾದಂತೆ. ಆದುದರಿಂದ ಇಲ್ಲಿ ಅಪವಾದವೊಂದನ್ನು ಇಟ್ಟಿದ್ದಾರೆ: ಕೊನೆಯಲ್ಲಿ ಚೆಂಡನ್ನು ಪಡೆದ ತಂಡವು, ಪಡೆಯುವವರೆಗೆ ತಪ್ಪು ಮಾಡಿರದಿದ್ದರೆ, ಚೆಂಡನ್ನು ಉಳಿಸಿಕೊಳ್ಳಬಹುದು, ಆದರೆ ಆಮೇಲಿನ ತನ್ನ ತಪ್ಪಿಗೆ ದಂಡ ತೆರಬೇಕು. ಚೆಂಡು ಹಿಡಿಯುವ ಮೊದಲೇ ನೀಲಿಯವನು ಗೆರೆಯಾಚೆ ನಿಂತಿದ್ದರೆ ಅದರ ಕೈ ಶುಚಿಯಲ್ಲ. ಆಗ ವಜಾ ನಿಯಮವೇ ಗತಿ. ತಪ್ಪು ಯಾವಾಗ ನಡೆಯಿತೆಂಬುದೂ ನ್ಯಾಯಕ್ಕೆ ಮುಖ್ಯವೆಂದು ಇದರಿಂದ ತಿಳಿಯುತ್ತದೆ.

೬. ಐದು ಮತ್ತು ಹದಿನೈದು

ಇನ್ನು ತಪ್ಪಿನ ತೂಕದ ವಿಷಯ. ಕೆಂಪಿನವನೊಬ್ಬನು ಚೆಂಡು ಹೊರಡುವಾಗ ನಿಶ್ಚಲವಾಗಿರದೆ ಅಕ್ರಮವಾಗಿ ಚಲಿಸಿದನು: ೫ ಗಜ. ನೀಲಿಯವನು ಎದುರಾಳಿಯ ಮುಖಕವಚವನ್ನು ಹಿಡಿದು ಕುತ್ತಿಗೆಯನ್ನು ತಿರುಚಿದನು: ೧೫ ಗಜ. ಕಾಲಿನ ಅವಸರವನ್ನೂ ಕುತ್ತಿಗೆಯ ಅಪಾಯವನ್ನೂ ಒಂದೇ ತಕ್ಕಡಿಯಲ್ಲಿಟ್ಟು ‘ವಜಾ’ ಎಂದರೆ ಯಾರ ಮನಸ್ಸು ಒಪ್ಪೀತು?

ವೃತ್ತಿಪರ ಆಟಗಾರರ ನ್ಯಾಷನಲ್ ಫುಟ್‌ಬಾಲ್ ಲೀಗು ಇದನ್ನು ಒಪ್ಪುವುದಿಲ್ಲ. ಒಂದು ಕಡೆ ೫ ಗಜದ ಸರಳವಾದ ತಪ್ಪು, ಇನ್ನೊಂದು ಕಡೆ ೧೫ ಗಜದ ತಪ್ಪು ಇದ್ದರೆ, ಚಿಕ್ಕದನ್ನು ಕೈಬಿಟ್ಟು ದೊಡ್ಡದಕ್ಕೆ ಮಾತ್ರ ದಂಡ ವಿಧಿಸಬೇಕೆಂಬುದು ಅದರ ನಿಯಮ. ಕಾಲೇಜು ಆಟದ ನಿಯಮಾವಳಿಯಲ್ಲಿ ಈ ಭೇದವಿಲ್ಲ. ಅಲ್ಲಿ ಐದೂ ಹದಿನೈದೂ ವಜಾ ಆಗುತ್ತವೆ. ಲೀಗಿನ ನಿಯಮವೂ ಅರ್ಧ ದಾರಿಯಲ್ಲಿ ನಿಂತಿದೆ; ಹತ್ತಕ್ಕೆ ಹದಿನೈದು ಅಲ್ಲಿಯೂ ವಜಾ ಆಗುವುದು.

ನಾವು ಆಡುವ ಕಾಲ್ಚೆಂಡಾಟದಲ್ಲಿ ಬೇರೊಂದು ದಾರಿಯುಂಟು. ಏಕಕಾಲಕ್ಕೆ ಹಲವು ತಪ್ಪುಗಳು ನಡೆದರೆ ಅವುಗಳಲ್ಲಿ ಹೆಚ್ಚು ಗಂಭೀರವಾದುದನ್ನು ರೆಫರಿಯು ಶಿಕ್ಷಿಸಬೇಕು. ಆ ಆಟ ಎಡೆಬಿಡದೆ ಹರಿಯುವಂಥದು. ಕಳೆದ ಗಳಿಗೆಯನ್ನು ಮತ್ತೆ ಆಡಲು ಬಾರದು. ಆದುದರಿಂದ ತೂಗಿ ನೋಡದೆ ವಿಧಿಯಿಲ್ಲ. ಅಮೆರಿಕದ ಆಟದಲ್ಲಿಯಾದರೋ ಮತ್ತೆ ಆಡುವ ಸೌಕರ್ಯವಿರುವುದರಿಂದ ತೂಗುವ ಹೊಣೆಯನ್ನು ಬಹುಮಟ್ಟಿಗೆ ತಪ್ಪಿಸಿಕೊಂಡಿದ್ದಾರೆ.

೭. ನಮ್ಮ ಅಭಿಪ್ರಾಯ

ಆಟದ ಲಾಭನಷ್ಟದ ಮಟ್ಟಿಗೆ ವಜಾ ನಿಯಮ ನ್ಯಾಯವಾದುದೆಂದೇ ನಾವು ಭಾವಿಸುತ್ತೇವೆ. ಅದು ಇಬ್ಬರನ್ನೂ ತಪ್ಪಿಗೆ ಮುಂಚಿನ ಸ್ಥಿತಿಗೆ ಒಯ್ಯುತ್ತದೆ. ತಪ್ಪಿನಿಂದ ಯಾರೂ ಲಾಭ ಪಡೆಯದಂತೆ ಬಹುಮಟ್ಟಿಗೆ ನೋಡಿಕೊಳ್ಳುತ್ತದೆ. ಆದರೆ ಮೈಗೆ ಆಗುವ ಪೆಟ್ಟನ್ನು ಮತ್ತೆ ಆಡಿ ಅಳಿಸಲಾಗದು. ಚೆಂಡನ್ನು ೩೦ನೆಯ ಗಜಕ್ಕೆ ತಂದಿಡಬಹುದು. ತಿರುಚಿದ ಕುತ್ತಿಗೆಯನ್ನು ಹಿಂದಿನಂತೆ ತಂದಿಡಲಾದೀತೆ? ಆದುದರಿಂದ ಅಪಾಯಕರವಾದ ತಪ್ಪು ಯಾವ ತಪ್ಪಿನೆದುರೂ ವಜಾ ಆಗಬಾರದು. ನಿಯಮ ರಚಿಸಿದವರಿಗೂ ಇದರ ಅರಿವಿಲ್ಲದಿಲ್ಲ. ದಂಡಗಳು ವಜಾ ಆದರೂ, ಘೋರವಾದ ತಪ್ಪಿಗಾಗಿ ಆಟದಿಂದ ಹೊರಹಾಕಲ್ಪಟ್ಟವನು ಹೊರಗೇ ಇರಬೇಕು. ಎದುರಾಳಿಯ ತಪ್ಪು ಅವನನ್ನು ಒಳಕ್ಕೆ ಕರೆತರದು. ಗಜಗಳು ತಂಡದವು, ತಪ್ಪು ಮಾಡಿದವನದು.

ಬಾಳಿನಲ್ಲಿಯೂ ಜಗಳವನ್ನು ಮುಗಿಸುವುದು ಬೇರೆ, ತಪ್ಪನ್ನು ತೂಗುವುದು ಬೇರೆ. ಜಗಳ ನಿಲ್ಲಲೆಂದು ಎರಡೂ ಕಡೆಯವರು ಹಿಂದಕ್ಕೆ ಸರಿಯುವುದು ವಿವೇಕ. ಆದರೆ “ಅವನೂ ಮಾಡಿದ” ಎಂಬ ಮಾತು ನಮ್ಮ ತಪ್ಪನ್ನು ಹಗುರ ಮಾಡುವುದಿಲ್ಲ.

ಯೋಚಿಸಿ ಉತ್ತರಿಸಿರಿ

(೧) ಕೆಂಪಿಗೆ ಮೂರನೆಯ ಯತ್ನ. ೪ ಗಜ ಬೇಕು. ನೀಲಿಯವನು ಗೆರೆಯಾಚೆ ನಿಂತಿದ್ದನು. ಕೆಂಪಿನವನು ಹಿಡಿದು ತಡೆದನು. ಎಸೆದ ಚೆಂಡು ಯಾರಿಗೂ ದೊರೆಯದೆ ನೆಲಕ್ಕೆ ಬಿದ್ದಿತು. ಯತ್ನವನ್ನು ಮತ್ತೆ ಆಡಿದರೆ ಯಾವ ತಂಡಕ್ಕೆ ಏನು ನಷ್ಟ?

(೨) ಹಿಡಿದು ತಡೆದ ತಪ್ಪಿಗೆ ೧೦ ಗಜ, ಮುಖಕವಚವನ್ನು ಜಗ್ಗಿದುದಕ್ಕೆ ೧೫ ಗಜ. ಇವೆರಡು ಎದುರುಬದುರಾದಾಗ ನೀವು ನಿಯಮ ಬರೆಯುವವರಾದರೆ ಏನು ಬರೆಯುವಿರಿ? ಅದರಿಂದ ನಿಮ್ಮ ಸ್ವಂತ ತಂಡಕ್ಕೇ ನಷ್ಟವಾದರೂ ಆ ನಿಯಮವನ್ನು ಒಪ್ಪುವಿರಾ?