ರೈಲು ಡಬ್ಬಿಯ ಮಾದರಿ: ಮೂಲದಂತಿರುವುದೆಂದರೇನು?

ನಮ್ಮ ಕಡೆಯ ಮಕ್ಕಳಿಗೆ ರೈಲುಗಾಡಿ ಹೊಸತಲ್ಲ. ಮಲಬಾರಿನ ಕಡಲ ಕರೆಯನ್ನು ಹಿಡಿದು ಉತ್ತರಕ್ಕೆ ಬಂದ ಹಳಿಯು 1907ರಲ್ಲಿ ಮಂಗಳೂರನ್ನು ಮುಟ್ಟಿತು. ಅಂದಿನಿಂದ ಕಾಸರಗೋಡು, ಕುಂಬಳೆ, ಉಪ್ಪಳ, ಮಂಜೇಶ್ವರಗಳ ಜನರು ರೈಲಿನ ಸದ್ದನ್ನು ಕೇಳುತ್ತಲೇ ಬೆಳೆದವರು. ದಿನವೂ ಕಾಣುವ ವಸ್ತುವನ್ನು ನಾವು ಬಲ್ಲೆವೆಂದು ನಂಬುವುದು ಮನುಷ್ಯ ಸ್ವಭಾವ. ಆದರೆ ಕಾಣುವುದು ಬೇರೆ, ನೋಡುವುದು ಬೇರೆ. ಈ ಭೇದವನ್ನು ನಾನು ತಿಳಿದುದು ನಮ್ಮ ಶಾಲೆಯ ಮಕ್ಕಳು ಮಾಡಿದ ಒಂದು ರಟ್ಟಿನ ರೈಲು ಡಬ್ಬಿಯಿಂದ. ಆ ಪ್ರಸಂಗವನ್ನೂ ಅದರಿಂದ ದೊರೆತ ಪಾಠವನ್ನೂ ಇಲ್ಲಿ ನಿವೇದಿಸುತ್ತೇನೆ.

ವೃತ್ತಿ ಪರಿಚಯ ಮೇಳಕ್ಕಾಗಿ ಏಳನೆಯ ತರಗತಿಯ ನಾಲ್ವರು ಮಕ್ಕಳು ಸ್ಲೀಪರ್ ಡಬ್ಬಿಯೊಂದರ ಮಾದರಿಯನ್ನು ಸಿದ್ಧಪಡಿಸಿದರು. ಅದರ ಉದ್ದ 60 ಸೆಂ.ಮೀ., ಅಗಲ 12 ಸೆಂ.ಮೀ. ಕೆಂಪು ಮತ್ತು ಬೂದು ಬಣ್ಣವನ್ನು ನಯವಾಗಿ ಹಚ್ಚಿದ್ದರು. ಒಳಗೆ ಒಂಬತ್ತು ಅಂಕಣಗಳು, ಪ್ರತಿಯೊಂದು ಅಂಕಣದಲ್ಲಿ ಎಂಟು ಬರ್ತುಗಳು. ಎರಡು ತುದಿಗಳಲ್ಲಿಯೂ ಗುಂಡಿಗಳಿಂದ ಮಾಡಿದ ಬಫರುಗಳು. ನಾನು ಮನಸಾರೆ ಮೆಚ್ಚಿ, ಅದನ್ನು ಕಚೇರಿಯ ಮೇಜಿನ ಮೇಲೆ ಎಲ್ಲರಿಗೂ ಕಾಣುವಂತೆ ಇರಿಸಿದೆನು.

ಹೆತ್ತವರ ಸಭೆಯ ದಿನ, ರೈಲು ಹಳಿಯ ದುರಸ್ತಿಯ ಕೆಲಸದಲ್ಲಿರುವ ತಂದೆಯೊಬ್ಬರು ಅದನ್ನು ಸುತ್ತಿ ಸುತ್ತಿ ನೋಡಿದರು. ಮಾದರಿ ಮಾಡಿದ ನಾಲ್ವರಲ್ಲಿ ಒಬ್ಬನು ಅವರ ಮಗನೇ. ಬಳಿಕ ಅವರು ತಗ್ಗಿದ ದನಿಯಲ್ಲಿ, “ಮಾಷ್ಟ್ರೇ, ಮಕ್ಕಳ ಕೆಲಸ ಬಹಳ ಚಂದ ಆಗಿದೆ. ಆದರೆ ಇಂಥ ಡಬ್ಬಿಯನ್ನು ನಾನು ಹಳಿಯ ಮೇಲೆ ಕಂಡಿಲ್ಲ” ಎಂದರು. ಬಣ್ಣ ಒಂದು ಜಾತಿಯ ಡಬ್ಬಿಯದು, ಬಫರು ಮತ್ತು ಅಂಕಣಗಳು ಇನ್ನೊಂದು ಜಾತಿಯವು, ಗಾಲಿಗಳಿರುವ ಸ್ಥಳ ಎರಡಕ್ಕೂ ಹೊಂದುವುದಿಲ್ಲ ಎಂದು ತೋರಿಸಿಕೊಟ್ಟರು.

ಮೇಳಕ್ಕೆ ಮೂರೇ ದಿನ ಉಳಿದಿತ್ತು. ಹುಡುಗನ ಮುಖ ಬಾಡಿತು. ಅವನನ್ನು ಸಮಾಧಾನಪಡಿಸುವ ಆತುರದಲ್ಲಿ ನಾನು, “ಇರಲಿ ಬಿಡು, ಅಷ್ಟನ್ನೆಲ್ಲ ಯಾರು ನೋಡುತ್ತಾರೆ?” ಎಂದುಬಿಟ್ಟೆನು. ಆಗ ಗುಂಪಿನಲ್ಲಿದ್ದ ಹುಡುಗಿಯೊಬ್ಬಳು, “ಲೆಕ್ಕದಲ್ಲಿ ತಪ್ಪಾದರೆ ನೀವು ಹಾಗೆ ಬಿಡುವುದಿಲ್ಲವಲ್ಲ, ಸರ್?” ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಈ ಲೇಖನವನ್ನು ಆ ಉತ್ತರವೆಂದೇ ತಿಳಿಯಬಹುದು.

1. ಯಾವುದರ ಮಾದರಿ?

ತಪ್ಪು ಹೇಗೆ ಬಂದಿತೆಂದು ಮಕ್ಕಳನ್ನು ವಿಚಾರಿಸಿದೆನು. ಒಬ್ಬಳು ತಾನು ಪ್ರಯಾಣಮಾಡಿದ ಹಳೆಯ ಡಬ್ಬಿಯಲ್ಲಿ ಅಂಕಣಗಳನ್ನು ಎಣಿಸಿದ್ದಳು. ಇನ್ನೊಬ್ಬನು ಬೇರೊಂದು ಗಾಡಿಯ ಬಣ್ಣವನ್ನು ನೆನಪಿಟ್ಟುಕೊಂಡಿದ್ದನು. ಒಬ್ಬೊಬ್ಬರೂ ಕಂಡುದು ನಿಜವೇ. ಆದರೆ ಎಲ್ಲವನ್ನೂ ಕೂಡಿಸಿದಾಗ ಆದುದು ಸುಳ್ಳು. ಯಕ್ಷಗಾನದಲ್ಲಿ ಪುಂಡುವೇಷಕ್ಕೆ ಬಣ್ಣದ ವೇಷದ ಕಿರೀಟವನ್ನು ಕಟ್ಟಿದರೆ ಹೇಗೋ ಹಾಗೆ! ಕಿರೀಟವೂ ಚಂದ, ವೇಷವೂ ಚಂದ, ಆದರೆ ರಂಗಸ್ಥಳದಲ್ಲಿ ಅಂಥ ಪಾತ್ರವೇ ಇಲ್ಲ.

ನಮ್ಮ ದೇಶದ ಹಳಿಗಳ ಮೇಲೆ ಮುಖ್ಯವಾಗಿ ಎರಡು ಜಾತಿಯ ಪ್ರಯಾಣಿಕರ ಡಬ್ಬಿಗಳನ್ನು ಕಾಣುತ್ತೇವೆ. ಮೊದಲನೆಯದು ಮದರಾಸಿನ ಪೆರಂಬೂರಿನಲ್ಲಿ 1955ರ ಅಕ್ಟೋಬರ್ 2ರಂದು ಪ್ರಾರಂಭವಾದ ಇಂಟಿಗ್ರಲ್ ಕೋಚ್ ಫ್ಯಾಕ್ಟರಿಯ ಹಳೆಯ ವಿನ್ಯಾಸ, ಇದನ್ನು ಐ.ಸಿ.ಎಫ್. ಎನ್ನುತ್ತಾರೆ. ಸ್ವಿಟ್ಜರ್ಲೆಂಡಿನ ಕಂಪೆನಿಯೊಂದರ ನೆರವಿನಿಂದ ರೂಪಗೊಂಡ ಈ ಡಬ್ಬಿಯನ್ನು ಆ ಕಾರ್ಖಾನೆಯು 2018ರ ಜನವರಿಯವರೆಗೂ ತಯಾರಿಸಿತು. ಎರಡನೆಯದು ಜರ್ಮನಿಯ ಲಿಂಕೆ ಹಾಫ್‌ಮನ್ ಬುಷ್ ಕಂಪೆನಿಯ ವಿನ್ಯಾಸ, ಇದು ಎಲ್.ಎಚ್.ಬಿ. ಎಂದು ಪ್ರಸಿದ್ಧ. 2000ದ ಸುಮಾರಿಗೆ ನಮ್ಮ ದೇಶಕ್ಕೆ ಬಂದ ಇದನ್ನು ಮೊದಲು ಪಂಜಾಬಿನ ಕಪೂರ್ತಲದಲ್ಲಿಯೂ ಅನಂತರ ಇತರ ಕಾರ್ಖಾನೆಗಳಲ್ಲಿಯೂ ತಯಾರಿಸತೊಡಗಿದರು.

ಇವೆರಡರ ಭೇದಗಳನ್ನು ನೆನಪಿಡಿರಿ. ಐ.ಸಿ.ಎಫ್. ಡಬ್ಬಿಯ ದೇಹದ ಉದ್ದ 21,337 ಮಿ.ಮೀ., ಎಲ್.ಎಚ್.ಬಿ. ಡಬ್ಬಿಯದು 23,540 ಮಿ.ಮೀ. ಅಗಲದಲ್ಲಿ ಮಾತ್ರ ಎರಡೂ ಹೆಚ್ಚುಕಡಿಮೆ ಸಮಾನ: 3,245 ಮತ್ತು 3,240 ಮಿ.ಮೀ. ಹಳೆಯ ಸ್ಲೀಪರ್ ಡಬ್ಬಿಯಲ್ಲಿ ಸಾಮಾನ್ಯವಾಗಿ 72 ಬರ್ತುಗಳು, ಅಂದರೆ ಒಂಬತ್ತು ಅಂಕಣಗಳು. ಹೊಸದರಲ್ಲಿ 80 ಬರ್ತುಗಳು, ಹತ್ತು ಅಂಕಣಗಳು. ಹಳೆಯದರ ತುದಿಯಲ್ಲಿ ಎರಡು ದುಂಡು ಬಫರುಗಳೂ ನಡುವೆ ತಿರುಪಿನ ಕೊಂಡಿಯೂ ಇರುವುವು. ಹೊಸದರಲ್ಲಿ ಎಳೆಯುವ ಮತ್ತು ತಳ್ಳುವ ಬಲಗಳೆರಡನ್ನೂ ತಾಳಿಕೊಳ್ಳುವ ಒಂದೇ ಕೊಂಡಿ ನಡುವಿನಲ್ಲಿರುತ್ತದೆ. ಬದಿಯ ಬಫರುಗಳು ಬೇಕಾಗುವುದಿಲ್ಲ. ಕೆಲವು ಹಳೆಯ ಡಬ್ಬಿಗಳಿಗೂ ಬಳಿಕ ಇಂಥ ಕೊಂಡಿಯನ್ನು ಜೋಡಿಸಿದ್ದುಂಟು. ಆದುದರಿಂದಲೇ ‘ರೈಲು ಡಬ್ಬಿ ಹೀಗಿರುತ್ತದೆ’ ಎನ್ನುವುದರ ಬದಲು ‘ನಾನು ನೋಡಿದ ಈ ಡಬ್ಬಿ ಹೀಗಿದೆ’ ಎನ್ನುವುದು ಕ್ಷೇಮ.

ಕಾಲವನ್ನೂ ಗೊತ್ತುಮಾಡಿಕೊಳ್ಳಬೇಕು. ಹಳೆಯ ಡಬ್ಬಿಗಳು ಬಹುಕಾಲ ಕೆಂಗಂದು ಬಣ್ಣದಲ್ಲಿದ್ದು 1990ರ ದಶಕದಲ್ಲಿ ನೀಲಿಗೆ ತಿರುಗಿದುವು. ನಮ್ಮೂರಿನದೇ ಉದಾಹರಣೆಯನ್ನು ನೋಡಿರಿ. 2023ರ ಏಪ್ರಿಲ್ 25ರಂದು ಆರಂಭವಾದ ಕೇರಳದ ಮೊದಲ ವಂದೇ ಭಾರತ್ ಗಾಡಿಯ ಬಣ್ಣ ಆಗ ಬಿಳಿ ಮತ್ತು ನೀಲಿಯಾಗಿತ್ತು. ಅದೇ ವರ್ಷ ಸೆಪ್ಟೆಂಬರ್ 24ರಂದು ಕಾಸರಗೋಡಿನಿಂದ ಹೊರಟ ಎರಡನೆಯದರ ಬಣ್ಣ ಕೇಸರಿ ಮತ್ತು ಬೂದು. ಹೆಸರೊಂದೇ, ವರ್ಷವೊಂದೇ, ನಿಲ್ದಾಣವೂ ಒಂದೇ. ಆದರೂ ಮಾದರಿ ಮಾಡುವವನಿಗೆ ಇವು ಎರಡು ಗಾಡಿಗಳು.

2. ತ್ರೈರಾಶಿಯ ಉಪಯೋಗ

ಮಾದರಿಯ ಎಲ್ಲ ಅಂಗಗಳೂ ಒಂದೇ ಪ್ರಮಾಣದಲ್ಲಿ ಕಿರಿದಾಗಬೇಕು. ನಮ್ಮ ಮಕ್ಕಳ ಮಾದರಿಯಲ್ಲಿ ಉದ್ದವು ಅಗಲದ ಐದರಷ್ಟಿತ್ತು. ಎಲ್.ಎಚ್.ಬಿ. ಡಬ್ಬಿಯ ಉದ್ದವು ಅಗಲದ ಏಳೂಕಾಲರಷ್ಟಿದೆ. 60 ಸೆಂ.ಮೀ. ಉದ್ದಕ್ಕೆ ಅಗಲವು ಸುಮಾರು 8.3 ಸೆಂ.ಮೀ. ಆಗಬೇಕಾಗಿತ್ತು, 12 ಸೆಂ.ಮೀ. ಮಾಡಿದುದರಿಂದ ಅದು ಬಸ್ಸಿನ ಆಕಾರವನ್ನು ತಾಳಿತು.

ಇನ್ನು ಗಾಲಿಗಳ ಮಾತು. ನಾವು ಮಾತಿನಲ್ಲಿ ಇಡಿಯ ಡಬ್ಬಿಯನ್ನೇ ‘ಬೋಗಿ’ ಎನ್ನುತ್ತೇವೆ. ರೈಲ್ವೆಯ ಕೆಲಸಗಾರರು ಬೋಗಿ ಎನ್ನುವುದು ಡಬ್ಬಿಯ ಕೆಳಗೆ ತಿರುಗುವಂತೆ ಜೋಡಿಸಿದ, ನಾಲ್ಕು ಗಾಲಿಗಳ ಚೌಕಟ್ಟಿಗೆ. ಒಂದು ಡಬ್ಬಿಗೆ ಇಂಥ ಎರಡು ಚೌಕಟ್ಟುಗಳು. ಅವುಗಳ ನಡುಬಿಂದುಗಳ ಅಂತರ ಐ.ಸಿ.ಎಫ್.ನಲ್ಲಿ 14,783 ಮಿ.ಮೀ., ಎಲ್.ಎಚ್.ಬಿ.ಯಲ್ಲಿ 14,900 ಮಿ.ಮೀ. ಅಂದರೆ ಡಬ್ಬಿಯ ತುದಿಯಿಂದ ಬೋಗಿಯ ನಡುವಿಗೆ ಮೊದಲನೆಯದರಲ್ಲಿ 3,277 ಮಿ.ಮೀ., ಎರಡನೆಯದರಲ್ಲಿ 4,320 ಮಿ.ಮೀ. ನಮ್ಮ ಮಕ್ಕಳ ಮಾದರಿಯಲ್ಲಿ ಇದು 11 ಸೆಂ.ಮೀ. ಆಗಬೇಕಾಗಿತ್ತು, ಅವರು ಇರಿಸಿದುದು 4 ಸೆಂ.ಮೀ.ನಲ್ಲಿ. ಹಳಿಯ ಕೆಲಸದವರ ಕಣ್ಣಿಗೆ ಇದು ಒಡನೆಯೇ ಕಂಡುದರಲ್ಲಿ ಆಶ್ಚರ್ಯವಿಲ್ಲ.

1:100ರ ಪ್ರಮಾಣವನ್ನು ಆರಿಸಿದರೆ ಲೆಕ್ಕ ಸುಲಭ. ಐ.ಸಿ.ಎಫ್. ಡಬ್ಬಿಯ ಉದ್ದ 213.4 ಮಿ.ಮೀ., ಎಲ್.ಎಚ್.ಬಿ.ಯದು 235.4 ಮಿ.ಮೀ., ಅಗಲ ಎರಡಕ್ಕೂ 32.4 ಮಿ.ಮೀ.ನಷ್ಟು. ಹೊಸ ಗಾಲಿಯ ವ್ಯಾಸ 915 ಮಿ.ಮೀ.; ಮಾದರಿಯಲ್ಲಿ ಅದು 9 ಮಿ.ಮೀ.ಗಿಂತ ತುಸು ಹೆಚ್ಚು.

3. ಹಳಿಯ ಅಗಲದ ಸಮಸ್ಯೆ

ಆಟದ ರೈಲುಗಳ ಲೋಕದಲ್ಲಿ ಬಹಳ ಬಳಕೆಯಲ್ಲಿರುವ ಪ್ರಮಾಣಕ್ಕೆ ‘ಎಚ್‌ಓ’ ಎಂದು ಹೆಸರು, ಅದು 1:87. ಅದರ ಹಳಿಗಳ ಅಂತರ 16.5 ಮಿ.ಮೀ. ಯುರೋಪ್, ಅಮೆರಿಕಗಳಲ್ಲಿ ರೂಢಿಯಲ್ಲಿರುವ 1,435 ಮಿ.ಮೀ. ಅಂತರವನ್ನು 87ರಿಂದ ಭಾಗಿಸಿದರೆ ಸರಿಯಾಗಿ ಇದೇ ದೊರೆಯುತ್ತದೆ. ಆದರೆ ನಮ್ಮ ಬ್ರಾಡ್‌ಗೇಜ್ ಹಳಿಯ ಅಂತರ 1,676 ಮಿ.ಮೀ., ಅಂದರೆ ಐದೂವರೆ ಅಡಿ. ಇದನ್ನು 87ರಿಂದ ಭಾಗಿಸಿದರೆ 19.26 ಮಿ.ಮೀ. ಆದುದರಿಂದ ನಮ್ಮ ಡಬ್ಬಿಯನ್ನು 1:87ರಲ್ಲಿ ಮಾಡಿ ಅಂಗಡಿಯ ಹಳಿಯ ಮೇಲೆ ನಿಲ್ಲಿಸಿದರೆ ಗಾಲಿಗಳು ಒಳಕ್ಕೆ ಸೇರಿಕೊಂಡು, ವಿಶಾಲವಾದ ಮನೆಯನ್ನು ಕಿರಿದಾದ ಪಂಚಾಂಗದ ಮೇಲೆ ಕಟ್ಟಿದಂತೆ ತೋರುವುದು. ಡಬ್ಬಿಯನ್ನೇ 1:100ರಲ್ಲಿ ಮಾಡಿದರೆ ಹಳಿಯ ಅಂತರ 16.76 ಮಿ.ಮೀ. ಆಗಬೇಕು, ಅಂಗಡಿಯ ಹಳಿಗೂ ಅದಕ್ಕೂ ಇರುವ ವ್ಯತ್ಯಾಸ ಕಾಲು ಮಿಲಿಮೀಟರ್ ಮಾತ್ರ!

ಈ ಸಮಸ್ಯೆ ನಮಗೊಬ್ಬರಿಗೇ ಬಂದುದಲ್ಲ. ಇಂಗ್ಲೆಂಡಿನವರು ಒಂದು ಅಡಿಗೆ 4 ಮಿ.ಮೀ.ನಂತೆ, ಅಂದರೆ 1:76.2ರ ಪ್ರಮಾಣದಲ್ಲಿ ಮಾದರಿಗಳನ್ನು ಮಾಡಿ ಇದೇ 16.5 ಮಿ.ಮೀ. ಹಳಿಯ ಮೇಲೆ ಓಡಿಸುವ ರೂಢಿಯನ್ನಿಟ್ಟುಕೊಂಡರು. ಲೆಕ್ಕದ ಪ್ರಕಾರ ಅವರಿಗೆ 18.83 ಮಿ.ಮೀ. ಬೇಕು. ಈ ಕೊರತೆಯನ್ನು ಸಹಿಸದ ಕೆಲವರು ಅಷ್ಟೇ ಅಂತರದ ಹಳಿಗಳನ್ನು ಸ್ವತಃ ಹಾಕಿಕೊಂಡು, ಗಾಲಿಗಳನ್ನೂ ಅದಕ್ಕೆ ತಕ್ಕಂತೆ ಮಾಡಿಕೊಂಡರು. ಎರಡು ಮಿಲಿಮೀಟರಿಗಾಗಿ ಇಷ್ಟು ಶ್ರಮವೇ ಎಂದು ನಗಬೇಡಿರಿ. ಅಳತೆಯಲ್ಲಿನ ಇಂಥ ಹಟದಿಂದಲೇ ಒಳ್ಳೆಯ ಕೈಗಾರಿಕೆ ಬೆಳೆಯುವುದು.

4. ರಾಜಿ ಅನಿವಾರ್ಯವಾದಾಗ

ಹಾಗಾದರೆ ಎಲ್ಲವನ್ನೂ ಮೂಲದಂತೆಯೇ ಮಾಡಲು ಸಾಧ್ಯವೇ? ಇಲ್ಲ. ತಿರುವನ್ನು ತೆಗೆದುಕೊಳ್ಳೋಣ. ಉದ್ದವಾದ ಡಬ್ಬಿಯು ತಿರುವಿನಲ್ಲಿ ನಿಂತಾಗ ಅದರ ನಡುಭಾಗವು ಹಳಿಯ ಒಳಬದಿಗೆ ಸರಿಯುತ್ತದೆ, ತುದಿಗಳು ಹೊರಕ್ಕೆ ಚಾಚುತ್ತವೆ. ಒಳಸರಿತವನ್ನು ತಿಳಿಯಲು, ಬೋಗಿಗಳ ನಡುದೂರದ ವರ್ಗವನ್ನು ತಿರುವಿನ ತ್ರಿಜ್ಯದ ಎಂಟರಷ್ಟರಿಂದ ಭಾಗಿಸಬೇಕು. 400 ಮೀಟರ್ ತ್ರಿಜ್ಯದ ನಿಜವಾದ ತಿರುವಿನಲ್ಲಿ ಐ.ಸಿ.ಎಫ್. ಡಬ್ಬಿಯ ನಡುಭಾಗ ಸುಮಾರು 7 ಸೆಂ.ಮೀ. ಸರಿಯುತ್ತದೆ. 1:100ರಲ್ಲಿ ಆ ತಿರುವಿನ ತ್ರಿಜ್ಯ 4 ಮೀಟರ್, ವ್ಯಾಸ 8 ಮೀಟರ್. ನಮ್ಮ ತರಗತಿಯ ಕೋಣೆಯಲ್ಲಿಯೂ ಅದು ಹಿಡಿಸದು! ಮೇಜಿನ ಮೇಲೆ 40 ಸೆಂ.ಮೀ. ತ್ರಿಜ್ಯದ ಹಳಿಯನ್ನೇ ಹಾಕಬೇಕಾಗುತ್ತದೆ. ಆಗ ಮಾದರಿಯ ನಡುಭಾಗ 7 ಮಿ.ಮೀ.ನಷ್ಟು ಸರಿಯುತ್ತದೆ. ಮೂಲದ ಪ್ರಕಾರ ಅದು 0.7 ಮಿ.ಮೀ. ಇರಬೇಕಾಗಿತ್ತು, ಹತ್ತುಪಟ್ಟು ಹೆಚ್ಚಾಯಿತು.

ಈ ಕಾರಣದಿಂದಲೇ ಯುರೋಪಿನ ಕಾರ್ಖಾನೆಗಳು ಉದ್ದದ ಡಬ್ಬಿಗಳನ್ನು ಬೇಕೆಂದೇ ಗಿಡ್ಡಮಾಡಿ ಮಾರುತ್ತಿದ್ದುವು. ಜರ್ಮನಿಯ 26.4 ಮೀಟರಿನ ಡಬ್ಬಿ 1:87ರಲ್ಲಿ 303 ಮಿ.ಮೀ. ಆಗಬೇಕು, ಬಹುಕಾಲ ಅದನ್ನು 282 ಮಿ.ಮೀ.ಗೆ ಕುಗ್ಗಿಸಿ ಮಾಡುವುದು ರೂಢಿಯಾಗಿತ್ತು. ಇದು ದೋಷವೆನ್ನುವುದಕ್ಕಿಂತ ರಾಜಿ ಎನ್ನುವುದು ಉಚಿತ. ಅರಿಯದೆ ಮಾಡಿದುದು ತಪ್ಪು. ಅರಿತು, ಕಾರಣವಿದ್ದು, ಮರೆಮಾಚದೆ ಮಾಡಿದುದು ರಾಜಿ. ಅರಿತೂ ಮರೆಮಾಚಿದುದು ಮಾತ್ರ ಮೋಸ.

5. ಅಳತೆಯನ್ನು ಪಡೆಯುವ ಬಗೆ

ಮಕ್ಕಳೇ, ಅಳತೆಗಾಗಿ ಎಂದಿಗೂ ಹಳಿಯ ಬಳಿಗೆ ಇಳಿಯಬಾರದು. ದೊಡ್ಡವರೊಡನೆ ನಿಲ್ದಾಣಕ್ಕೆ ಹೋಗಿ, ಎದುರಿನ ಪ್ಲಾಟ್‌ಫಾರ್ಮಿನಲ್ಲಿ ನಿಂತು ನೋಡಿರಿ. ಅಂಕಣಗಳನ್ನೂ ಕಿಟಕಿಗಳನ್ನೂ ಎಣಿಸಿರಿ. ಓರೆಯಾಗಿ ತೆಗೆದ ಚಿತ್ರದಲ್ಲಿ ಅಳತೆ ಕೆಡುವುದರಿಂದ, ನೇರವಾಗಿ ತೆಗೆದ ಛಾಯಾಚಿತ್ರವನ್ನು ಉಪಯೋಗಿಸಿರಿ. ಐ.ಸಿ.ಎಫ್. ಬೋಗಿಯ ಎರಡು ಅಚ್ಚುಗಳ ಅಂತರ 2,896 ಮಿ.ಮೀ. ಚಿತ್ರದಲ್ಲಿ ಅದು 14.5 ಮಿ.ಮೀ. ಇದ್ದರೆ ಆ ಚಿತ್ರ ಸುಮಾರು 1:200ರ ಪ್ರಮಾಣದಲ್ಲಿದೆ. ಅದರಲ್ಲಿ 3 ಮಿ.ಮೀ. ಅಗಲದ ಕಿಟಕಿ ನಿಜವಾಗಿ ಸುಮಾರು 600 ಮಿ.ಮೀ. ತಿಳಿದ ಒಂದು ಅಳತೆಯಿಂದ ತಿಳಿಯದ ನೂರು ಅಳತೆಗಳನ್ನು ಪಡೆಯುವುದೇ ತ್ರೈರಾಶಿಯ ಮಹಿಮೆ. ಮೈಸೂರಿಗೆ ಪ್ರವಾಸ ಹೋದಾಗ, 1979ರಲ್ಲಿ ಸ್ಥಾಪನೆಯಾದ ಅಲ್ಲಿನ ರೈಲು ವಸ್ತುಸಂಗ್ರಹಾಲಯವನ್ನು ತಪ್ಪದೆ ನೋಡಿರಿ; ಹಳೆಯ ಡಬ್ಬಿಗಳನ್ನು ಹತ್ತಿರದಿಂದ, ಅವಸರವಿಲ್ಲದೆ ನೋಡಬಹುದು.

ಕೊನೆಯ ಮಾತು

ನಮ್ಮ ಮಕ್ಕಳ ಮಾದರಿ ಏನಾಯಿತೆಂದು ಹೇಳಬೇಕಲ್ಲವೇ? ಹೊಸದನ್ನು ಮಾಡಲು ಸಮಯವಿರಲಿಲ್ಲ. ಮಕ್ಕಳು ಒಂದು ಚೀಟಿಯಲ್ಲಿ ‘ಈ ಮಾದರಿಯಲ್ಲಿ ನಮಗೆ ತಿಳಿದಿರುವ ನಾಲ್ಕು ತಪ್ಪುಗಳು’ ಎಂದು ಬರೆದು, ಅಗಲ, ಬಫರು, ಅಂಕಣ, ಬೋಗಿ ಇವುಗಳ ಸರಿಯಾದ ಅಳತೆಗಳನ್ನು ಎದುರಿಗೆ ಕೊಟ್ಟು ಮೇಳದಲ್ಲಿ ಇರಿಸಿದರು. ಬಹುಮಾನ ಬರಲಿಲ್ಲ. ಆ ಚೀಟಿಯೊಡನೆಯೇ ಡಬ್ಬಿಯನ್ನು ಶಾಲೆಯ ಕಪಾಟಿನಲ್ಲಿ ಇರಿಸಿದ್ದೇವೆ. ಈ ವರ್ಷ ಅದೇ ನಾಲ್ವರು 1:100ರ ಹೊಸ ಮಾದರಿಯನ್ನು ಆರಂಭಿಸಿದ್ದಾರೆ. ಅಳತೆಯನ್ನು ಪರೀಕ್ಷಿಸುವವರು ಆ ತಂದೆಯವರೇ.

ಹೆತ್ತವರಲ್ಲಿ ನನ್ನದೊಂದು ವಿನಂತಿ. ನಿಮ್ಮ ನಿಮ್ಮ ವೃತ್ತಿಯ ತಿಳಿವಳಿಕೆಯನ್ನು ಶಾಲೆಯ ಹೊರಗಿನದೆಂದು ತಿಳಿಯಬೇಡಿರಿ. ನಮ್ಮ ಪುಸ್ತಕಗಳಲ್ಲಿ ಇಲ್ಲದ ಪಾಠವು ನಿಮ್ಮ ಕಣ್ಣು ಕೈಗಳಲ್ಲಿದೆ. ಉಪಾಧ್ಯಾಯರು ತಪ್ಪಿದಾಗಲೂ ಹೇಳಿರಿ. ಮಕ್ಕಳೇ, ಮೆಚ್ಚುಗೆಯ ಮಾತು ಬಂದ ಮೇಲೂ ಮೂಲವನ್ನು ಇನ್ನೊಮ್ಮೆ ನೋಡಿ ಬನ್ನಿರಿ. ‘ಯಾರು ನೋಡುತ್ತಾರೆ?’ ಎಂಬ ಪ್ರಶ್ನೆಗೆ ‘ನಾನು ನೋಡುತ್ತೇನೆ’ ಎಂದು ಉತ್ತರಿಸಬಲ್ಲವನೇ ವಿದ್ಯಾವಂತನು.

ಅಭ್ಯಾಸ

(1) 1:50ರ ಪ್ರಮಾಣದಲ್ಲಿ ಐ.ಸಿ.ಎಫ್. ಡಬ್ಬಿಯ ಉದ್ದ, ಅಗಲಗಳೆಷ್ಟು?

(2) 1979ರಲ್ಲಿ ಪೂರ್ಣಗೊಂಡ ಹಾಸನ–ಮಂಗಳೂರು ರೈಲುಮಾರ್ಗವು ಆಗ 1,000 ಮಿ.ಮೀ. ಅಂತರದ ಮೀಟರ್‌ಗೇಜ್ ಆಗಿತ್ತು. 16.5 ಮಿ.ಮೀ. ಹಳಿಯ ಮೇಲೆ ಅದರ ಮಾದರಿಯನ್ನು ಓಡಿಸಬೇಕಾದರೆ ಯಾವ ಪ್ರಮಾಣವನ್ನು ಆರಿಸಬೇಕು?

(3) ನಿಮ್ಮ ಮನೆಯ ಬಾಗಿಲನ್ನು ಅಳೆದು 1:100ರಲ್ಲಿ ಚಿತ್ರಿಸಿರಿ. ಅದು 1:100ರ ರೈಲು ಡಬ್ಬಿಯ ಅಗಲಕ್ಕಿಂತ ಎತ್ತರವೋ ಗಿಡ್ಡವೋ? ಮೊದಲು ಊಹಿಸಿ, ಬಳಿಕ ಅಳೆದು ನೋಡಿರಿ.